ನೆಕ್ಸಾನ್ ಇವಿ ಸೆಕೆಂಡ್‌ಹ್ಯಾಂಡ್: "ಬ್ಯಾಟರಿ 96%" ಅಂತ ಸರ್ಟಿಫಿಕೇಟ್ ಕೊಡ್ತಿದ್ದಾರೆ, ಎಷ್ಟು ನಂಬಬಹುದು?

ಹಾಸನ_ಹೈದ

ಎಲ್ಲರಿಗೂ ನಮಸ್ಕಾರ. ಎರಡು ಗಾಡಿ ನೋಡಿಟ್ಟಿದ್ದೇನೆ, ಎರಡೂ ಟಾಟಾ ನೆಕ್ಸಾನ್ ಇವಿ, ಹಳೇ 30.2 ಯೂನಿಟ್ ಬ್ಯಾಟರಿಯವು.

ಮೊದಲನೆಯದು ಬೆಂಗಳೂರಿನ ಸೆಕೆಂಡ್‌ಹ್ಯಾಂಡ್ ಡೀಲರ್ ಹತ್ತಿರ ಇದೆ. 2021ರ ಗಾಡಿ, 62,000 ಕಿ.ಮೀ., ಒಬ್ಬರೇ ಓನರ್. ಬ್ಯಾಟರಿ ಹೆಲ್ತ್ 96% ಅಂತ ಒಂದು ಪುಟದ ಸರ್ಟಿಫಿಕೇಟ್ ಇಟ್ಟಿದ್ದಾರೆ. ಫುಲ್ ಚಾರ್ಜ್‌ಗೆ ಮೀಟರ್‌ನಲ್ಲಿ 225 ಕಿ.ಮೀ. ತೋರಿಸುತ್ತೆ.

ಎರಡನೆಯದು ಚಿಕ್ಕಮಗಳೂರಲ್ಲಿ, ಎಸ್ಟೇಟ್ ಮಾಲೀಕರದ್ದು. 2022ರದ್ದು, ಬರೀ 21,000 ಕಿ.ಮೀ. ಹೆಚ್ಚು ಕಾಲ ಶೆಡ್ಡಿನಲ್ಲೇ ನಿಂತಿತ್ತಂತೆ. ಬೆಲೆ ಮೊದಲನೆಯದಕ್ಕಿಂತ ಜಾಸ್ತಿ.

ನನ್ನ ಓಡಾಟ ದಿನಾ ಹಾಸನ–ಬೇಲೂರು ಹೋಗಿ ಬರೋದು, ತಿಂಗಳಿಗೆ ಒಂದೆರಡು ಸಲ ಶಿರಾಡಿ ಇಳಿದು ಮಂಗಳೂರು. ಚಾರ್ಜಿಂಗ್ ಮನೆಯ 15 ಆಂಪ್ ಸಾಕೆಟ್‌ನಲ್ಲಿ. ಆ 96%ಗೆ ಏನರ್ಥ? ಡೀಲರ್ ಹತ್ತಿರ ಒಂದು ಗಂಟೆ ಸಿಕ್ಕರೆ ಏನು ನೋಡಬೇಕು, ಇಡೀ ದಿನ ಸಿಕ್ಕರೆ ಏನು ಮಾಡಬೇಕು?

ಯೂನಿಟ್_ಲೆಕ್ಕ

ಮೊದಲು ಆ 225 ಕಿ.ಮೀ.ನ ಮರೆತುಬಿಡಿ. ಅದು ಬ್ಯಾಟರಿಯ ಅಳತೆ ಅಲ್ಲ, ಈಚೆಗೆ ಗಾಡಿ ಹೇಗೆ ಓಡಿತು ಅನ್ನೋದರ ಮೇಲೆ ಕಂಪ್ಯೂಟರ್ ಹಾಕಿದ ಅಂದಾಜು. ಸಿಟಿಯಲ್ಲಿ 30–40ರ ಸ್ಪೀಡಿನಲ್ಲಿ ನಾಲ್ಕು ದಿನ ಮೆತ್ತಗೆ ಓಡಿಸಿದರೆ ಸುಸ್ತಾದ ಬ್ಯಾಟರಿಯೂ ಒಳ್ಳೇ ನಂಬರ್ ತೋರಿಸುತ್ತೆ. ಅದೇ ಗಾಡಿಯನ್ನು ಎನ್‌ಎಚ್ 75ರಲ್ಲಿ 100ರಲ್ಲಿ ಎಳೆದು ತಂದು ನಿಲ್ಲಿಸಿದರೆ ಚೆನ್ನಾಗಿರೋ ಬ್ಯಾಟರಿಯೂ 160 ಅಂತ ತೋರಿಸಬಹುದು.

96% ಅನ್ನೋದು ಎಸ್‌ಓಎಚ್ (ಸ್ಟೇಟ್ ಆಫ್ ಹೆಲ್ತ್), ಅಂದರೆ ಹೊಸದರಲ್ಲಿ ಹಿಡೀತಿದ್ದದ್ದರಲ್ಲಿ ಈಗ ಎಷ್ಟು ಪಾಲು ಹಿಡಿಯುತ್ತೆ ಅನ್ನೋದು. ಇದನ್ನು ಯಾರೂ ಅಳೆದಿರೋದಿಲ್ಲ. ಬ್ಯಾಟರಿಯ ಕಂಟ್ರೋಲರ್, ಅಂದರೆ ಬಿಎಂಎಸ್, ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು, ವಯಸ್ಸು, ಉಷ್ಣಾಂಶ ಎಲ್ಲ ಸೇರಿಸಿ ತಾನೇ ಕಟ್ಟಿಕೊಂಡ ಲೆಕ್ಕ. ಕೆಲವು ಕಾರುಗಳಲ್ಲಿ ಪ್ಯಾಕಿನಲ್ಲಿರೋ ಮೀಸಲು ಭಾಗ ಕರಗೋವರೆಗೂ ಇದು ವರ್ಷಗಟ್ಟಲೆ 100 ಅಂತಲೇ ಇರುತ್ತೆ. ಬಿಎಂಎಸ್ ಬದಲಾಯಿಸಿದ್ದರೆ ಅಥವಾ ಸಾಫ್ಟ್‌ವೇರ್ ಹೊಸದಾಗಿ ಹಾಕಿದ್ದರೆ ಲೆಕ್ಕ ಮೊದಲಿಂದ ಶುರುವಾಗಿರಲೂಬಹುದು. ಹಾಗಂತ ಸುಳ್ಳು ಅಂತಲ್ಲ. 96ರ ಸರ್ಟಿಫಿಕೇಟ್ ಇರೋ ಗಾಡಿ 70ಕ್ಕೆ ಇಳಿದಿರೋದು ಕಷ್ಟ, ಆದರೆ 87 ಆಗಿರೋದಕ್ಕೆ ಅಡ್ಡಿಯಿಲ್ಲ.

ಅದಕ್ಕೇ ಶೇಕಡಾ ಕೇಳಬೇಡಿ, ಯೂನಿಟ್ ಕೇಳಿ. ಮನೆ ಕರೆಂಟ್ ಬಿಲ್ಲಿನ ಯೂನಿಟ್ಟೇ ಇದೂ. ಹೊಸದರಲ್ಲಿ ಈ ಪ್ಯಾಕಿಗೆ 30.2. ಈಗ ಎಷ್ಟು ಹಿಡಿಯುತ್ತೆ ಅನ್ನೋದನ್ನು ನೀವೇ ಅಳೆಯಬಹುದು.

ಇಡೀ ದಿನ ಗಾಡಿ ಸಿಕ್ಕರೆ ಹೀಗೆ ಮಾಡಿ. ಹಿಂದಿನ ರಾತ್ರಿ ಸ್ಲೋ ಚಾರ್ಜರ್‌ನಲ್ಲಿ 100% ಮಾಡಿಸಿ, 100 ತೋರಿಸಿದ ಮೇಲೂ ಪ್ಲಗ್ ಕೀಳದೆ ಚಾರ್ಜರ್ ತಾನಾಗಿ ನಿಲ್ಲೋವರೆಗೆ ಬಿಡಿ. ಕೊನೆಯ ಒಂದು ಪರ್ಸೆಂಟಿನಲ್ಲಿ ಸೆಲ್‌ಗಳು ಒಂದಕ್ಕೊಂದು ಸಮ ಆಗೋದು, ಇದಕ್ಕೆ ಕೆಲವೊಮ್ಮೆ ಒಂದು ಗಂಟೆ ಮೇಲೆ ಹಿಡಿಯುತ್ತೆ. ಬೆಳಿಗ್ಗೆ ಟಯರ್ ಗಾಳಿ ನೋಡಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಎಸಿ ಆಫ್ ಮಾಡಿ ಹೊರಡಿ. 60–70ರ ಸ್ಪೀಡ್ ಸಾಕು. ಹೊರಟ ಜಾಗಕ್ಕೇ ವಾಪಸ್ ಬರೋ ದಾರಿ ಆಗಿರಬೇಕು. ಬೆಂಗಳೂರಿನವರಾದರೆ ಕುಣಿಗಲ್ ಹೋಗಿ ಬರೋದು, ಚಿಕ್ಕಮಗಳೂರಿನ ಗಾಡಿಗೆ ಕಡೂರು ಎರಡು ಸಲ.

ವಾಪಸ್ ಬರಲೇಬೇಕು ಅಂತ ಯಾಕೆ ಹೇಳ್ತೀನಿ ಅಂದರೆ, 1,400 ಕೆ.ಜಿ. ಗಾಡಿ ಮತ್ತು ಇಬ್ಬರು ಜನ ಸೇರಿ 1,600 ಕೆ.ಜಿ. ತೂಕವನ್ನು 100 ಮೀಟರ್ ಎತ್ತರಕ್ಕೆ ಏರಿಸೋಕೆ ಬರೀ ಭೂಮಿ ಸೆಳೆತದ ವಿರುದ್ಧವೇ 0.44 ಯೂನಿಟ್ ಬೇಕು. ಮೋಟಾರ್ ನಷ್ಟ ಸೇರಿದರೆ ಅರ್ಧ ಯೂನಿಟ್. ಹೊರಟಿದ್ದಕ್ಕಿಂತ 200 ಮೀಟರ್ ಮೇಲೆ ಹೋಗಿ ಪ್ರಯಾಣ ಮುಗಿಸಿದರೆ ಒಂದು ಯೂನಿಟ್, ಅಂದರೆ ಲೆಕ್ಕದಲ್ಲಿ ಮೂರು ಪರ್ಸೆಂಟಿನ ಮೇಲೆ ತಪ್ಪು. ನಮ್ಮ ಕಡೆ ರಸ್ತೆಗೆ ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಒಳ್ಳೇ ಬ್ಯಾಟರಿಯನ್ನು ಕೆಟ್ಟದ್ದು ಅಂತ ಬಿಟ್ಟು ಬರ್ತೀರಿ.

ಈಗ ಲೆಕ್ಕ. ಉದಾಹರಣೆಗೆ 158 ಕಿ.ಮೀ. ಓಡಿ 17%ಗೆ ಬಂತು, ಟ್ರಿಪ್‌ನಲ್ಲಿ ಸರಾಸರಿ ಬಳಕೆ ಕಿ.ಮೀ.ಗೆ 148 ವ್ಯಾಟ್‌ಅವರ್ (ಸಾವಿರ ವ್ಯಾಟ್‌ಅವರ್ ಅಂದರೆ ಒಂದು ಯೂನಿಟ್) ಅಂತಿದೆ ಅಂದುಕೊಳ್ಳಿ. 158 × 0.148 = 23.4 ಯೂನಿಟ್. ಬಳಸಿದ್ದು 83%. 23.4 ÷ 0.83 = 28.2 ಯೂನಿಟ್. ಇದನ್ನು 30.2ರಿಂದ ಭಾಗಿಸಿದರೆ 93%. ಬಹಳಷ್ಟು ಕಾರುಗಳಲ್ಲಿ ತೆರೆ ಮೇಲಿನ 0–100ರ ಆಚೆಗೂ ಸ್ವಲ್ಪ ಮೀಸಲು ಇಟ್ಟಿರುತ್ತಾರೆ. ಹಾಗಾಗಿ 30.2 ಇಟ್ಟು ಭಾಗಿಸಿದಾಗ ಬರೋ ನಂಬರ್ ನಿಜಕ್ಕಿಂತ ಒಂದೆರಡು ಕಡಿಮೆಯೇ ಇರುತ್ತೆ. ಕೊಳ್ಳೋರಿಗೆ ಅದೇ ಕ್ಷೇಮ.

ಬಂದ ಮೇಲೆ ಮತ್ತೆ ಸ್ಲೋ ಚಾರ್ಜರ್‌ಗೆ ಹಾಕಿ, ನಡುವೆ ಒಂದು ಸಬ್ ಮೀಟರ್ ಇರಲಿ. 17ರಿಂದ 100ಕ್ಕೆ 27.4 ಯೂನಿಟ್ ಓಡಿತು ಅನ್ನಿ. ಗೋಡೆ ಸಾಕೆಟ್‌ನಿಂದ ಬ್ಯಾಟರಿ ಒಳಗೆ ಹೋಗೋ ಹೊತ್ತಿಗೆ 10–15% ಬಿಸಿಯಾಗಿ ಹೋಗುತ್ತೆ, 0.87 ಹಿಡಿಯಿರಿ. 27.4 × 0.87 ÷ 0.83 = 28.7. ಓಡಿಸಿದ ಲೆಕ್ಕ 28.2, ತುಂಬಿಸಿದ ಲೆಕ್ಕ 28.7. ಹೀಗೆ ಎರಡೂ 3–4% ಒಳಗೆ ಕೂಡಿ ಬಂದರೆ ನಂಬಬಹುದು. ಐದಾರು ಪರ್ಸೆಂಟಿಗಿಂತ ಹೆಚ್ಚು ಬೇರೆ ಬಂದರೆ ಅಳತೆಯಲ್ಲಿ ಎಲ್ಲೋ ಎಡವಟ್ಟಾಗಿದೆ, ಗಾಡಿಯನ್ನು ಬೈಯೋ ಮೊದಲು ಅದನ್ನು ಹುಡುಕಿ.

ಆನ್‌ಲೈನ್‌ನಲ್ಲಿ ಸಿಗೋ ಸಣ್ಣ ಪ್ಲಗ್ ಮೀಟರ್‌ಗಳನ್ನು ಇದಕ್ಕೆ ಹಾಕಬೇಡಿ. ಒಂಬತ್ತು ಗಂಟೆ ಬಿಡದೆ 13–15 ಆಂಪ್ ಹರಿದರೆ ಅವು ಕರಗುತ್ತವೆ. ಎಲೆಕ್ಟ್ರಿಷಿಯನ್ ಹತ್ತಿರ ಸಿಂಗಲ್ ಫೇಸ್ ಸಬ್ ಮೀಟರನ್ನೇ ಬೋರ್ಡಿಗೆ ಹಾಕಿಸಿ.

ಗಿರಿತಪ್ಪಲು_18

ಮೇಲಿನ ಲೆಕ್ಕ ಸರಿಯಿದೆ. ಆದರೆ ಅದರಿಂದ ಸಿಗೋದು ಇಡೀ ಪ್ಯಾಕಿನ ಸರಾಸರಿ. ಘಟ್ಟದ ರಸ್ತೆಯಲ್ಲಿ ಕೈಕೊಡೋದು ಒಂದು ಸೆಲ್.

ಪ್ಯಾಕಿನಲ್ಲಿ ಸೆಲ್‌ಗಳು ಸಾಲಾಗಿ, ಸೀರೀಸ್‌ನಲ್ಲಿ ಇರುತ್ತವೆ. ಅದರಲ್ಲಿ ಅತಿ ದುರ್ಬಲವಾದದ್ದು ಖಾಲಿಯಾದ ಕೂಡಲೇ ಬಿಎಂಎಸ್ ಇಡೀ ಗಾಡಿಯನ್ನು ತಡೆಯುತ್ತೆ, ಮಿಕ್ಕವುಗಳಲ್ಲಿ ಎಷ್ಟೇ ಉಳಿದಿರಲಿ. ಹೊರಗೆ ಕಾಣೋ ಲಕ್ಷಣ ಅಂದರೆ 22% ಇದ್ದದ್ದು ಏರಿನಲ್ಲಿ ಏಕಾಏಕಿ 9ಕ್ಕೆ ಬೀಳೋದು, ಪೆಡಲ್ ಒತ್ತಿದರೂ ಗಾಡಿ ಎಳೆಯದೇ ಇರೋದು, ಪವರ್ ಕಡಿತ ಆಗಿದೆ ಅನ್ನೋ ಆಮೆ ಚಿಹ್ನೆ ಬರೋದು. ಸಮತಟ್ಟು ರಸ್ತೆಯಲ್ಲಿ ಕರೆಂಟು ಕಡಿಮೆ ಎಳೆಯೋದರಿಂದ ಇದೇ ಗಾಡಿ ಸಲೀಸಾಗಿ 5%ವರೆಗೂ ಓಡಿಬಿಡುತ್ತೆ.

ಈ ನೆಕ್ಸಾನ್ ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಕೆಮಿಸ್ಟ್ರಿಯದು, ಅದಕ್ಕೆ ಅದರದ್ದೇ ಒಂದು ಗುಣ ಇದೆ. ಬೇರೆ ಕೆಲವು ಇವಿಗಳಲ್ಲಿರೋ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್ ಆದರೆ ಚಾರ್ಜ್ ಇಳಿದ ಹಾಗೆ ವೋಲ್ಟೇಜ್ ಸಹ 4.2ರಿಂದ ಕ್ರಮವಾಗಿ ಇಳಿಯುತ್ತೆ. ಎಲ್‌ಎಫ್‌ಪಿಯಲ್ಲಿ ಸುಮಾರು 90ರಿಂದ 20%ವರೆಗೂ 3.2–3.3 ವೋಲ್ಟ್ ಹತ್ತಿರವೇ ನಿಂತಿರುತ್ತೆ. ಮಧ್ಯದಲ್ಲಿ ಸ್ಕ್ಯಾನ್ ಮಾಡಿ "ಎಲ್ಲ ಸೆಲ್ ಒಂದೇ ಸಮ, 6 ಮಿಲಿವೋಲ್ಟ್ ವ್ಯತ್ಯಾಸ" ಅಂತ ತೋರಿಸಿದರೆ ಏನೂ ಸಾಬೀತಾಗಲ್ಲ, ಅಲ್ಲಿ ಕೆಟ್ಟ ಸೆಲ್ ಕೂಡ ಒಳ್ಳೇದರ ಹಾಗೇ ಕಾಣುತ್ತೆ. ನೋಡಬೇಕಾದ್ದು ಎರಡು ತುದಿಯಲ್ಲಿ.

ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಮಾಹಿತಿ ಓದೋ ಸಾಕೆಟ್) ಹಾಕೋ ಇಎಲ್‌ಎಂ327 ಬ್ಲೂಟೂತ್ ಡಾಂಗಲ್, ಕಾರ್ ಸ್ಕ್ಯಾನರ್ ಆ್ಯಪ್ ಇಟ್ಟುಕೊಳ್ಳಿ. ಹ್ಯುಂಡೈ ಕೋನಾ, ಎಂಜಿ ಝಡ್‌ಎಸ್ ನೋಡೋರಿಗೆ ಇದರಲ್ಲಿ ಎಸ್‌ಓಎಚ್, ಸೆಲ್ ವೋಲ್ಟೇಜ್ ಎಲ್ಲ ನೇರವಾಗಿ ಸಿಗುತ್ತೆ. ಟಾಟಾದಲ್ಲಿ ಏನೇನು ಸಿಗುತ್ತೆ ಅನ್ನೋದು ಗಾಡಿಯ ಸಾಫ್ಟ್‌ವೇರ್ ಮೇಲೆ ಹೋಗುತ್ತೆ. ಸಿಗದಿದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಸೆಲ್‌ವಾರು ವೋಲ್ಟೇಜ್ ಪಟ್ಟಿ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ "ಬ್ಯಾಟರಿ ಓಕೆ" ಅಂತ ಒಂದು ಸಾಲು ಬರೆದು ಕಳಿಸ್ತಾರೆ.

ಪಟ್ಟಿಯಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ಸೆಲ್ ನಂಬರ್ ಬರೆದುಕೊಳ್ಳಿ, 100%ನಲ್ಲಿ ಒಂದು ಸಲ, 12–15%ನಲ್ಲಿ ಒಂದು ಸಲ. ಒಂದು ಸೆಲ್ ಮೇಲಿನ ತುದಿಯಲ್ಲೂ ಎಲ್ಲಕ್ಕಿಂತ ಹೆಚ್ಚು, ಕೆಳಗಿನ ತುದಿಯಲ್ಲೂ ಎಲ್ಲಕ್ಕಿಂತ ಹೆಚ್ಚು ಇದ್ದರೆ ಅದಕ್ಕೆ ಕಾಯಿಲೆ ಏನಿಲ್ಲ. ಬ್ಯಾಲೆನ್ಸ್ ತಪ್ಪಿದೆ ಅಷ್ಟೆ, ಎರಡು ಮೂರು ಸಲ ಸ್ಲೋ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿದರೆ ಸರಿಹೋಗುತ್ತೆ. ಅದೇ ಸೆಲ್ ತುಂಬುವಾಗ ಎಲ್ಲರಿಗಿಂತ ಮೊದಲು ತುಂಬಿ, ಖಾಲಿ ಆಗುವಾಗಲೂ ಎಲ್ಲರಿಗಿಂತ ಮೊದಲು ಖಾಲಿ ಆಗ್ತಿದ್ದರೆ ಅದರ ಹೊಟ್ಟೆಯೇ ಚಿಕ್ಕದಾಗಿದೆ ಅಂತ. ಆ ಗಾಡಿ ಬೇಡ. ಅಥವಾ ವಾರಂಟಿಯಲ್ಲಿ ರಿಪೇರಿ ಮಾಡಿಸಿ ಕೊಟ್ಟ ಮೇಲೆ ಮಾತಾಡಿ.

ಕೊನೆಗೆ ಒಂದು ಲೋಡ್ ಟೆಸ್ಟ್. 12–15% ಇರುವಾಗ ಖಾಲಿ ಬೈಪಾಸ್‌ನಲ್ಲಿ 40ರಿಂದ 80ಕ್ಕೆ ಪೆಡಲ್ ಪೂರ್ತಿ ಒತ್ತಿ, ಪಕ್ಕದವರು ಆ್ಯಪ್ ನೋಡಲಿ. ಎಲ್ಲ ಸೆಲ್‌ಗಳೂ ಸ್ವಲ್ಪ ಕುಸಿಯೋದು ಸಹಜ. ಗುಂಪಿನಿಂದ 100 ಮಿಲಿವೋಲ್ಟ್‌ಗಿಂತ ಕೆಳಗೆ ಜಾರೋದು ಪ್ರತಿ ಸಲ ಅದೇ ನಂಬರಿನ ಸೆಲ್ ಆದರೆ ಅದರ ಒಳಗಿನ ರೆಸಿಸ್ಟೆನ್ಸ್ ಏರಿದೆ. ಆ್ಯಪ್ ಇಲ್ಲದಿದ್ದರೂ ಶೇಕಡಾ ಧುಮುಕುತ್ತಾ, ಪವರ್ ಕಡಿತವಾಗುತ್ತಾ ಅಂತ ನೋಡಿ. ಚಾರ್ಜರ್‌ನಿಂದ ನಾಲ್ಕೈದು ಕಿ.ಮೀ. ಒಳಗೇ ಇದನ್ನು ಮಾಡಿ. ಕೈಮರ ದಾಟಿ ಗಿರಿ ರಸ್ತೆ ಹತ್ತಿಸಿ ಪರೀಕ್ಷೆ ಮಾಡ್ತೀನಿ ಅನ್ನೋ ಸಾಹಸ ಬೇಡ, ಅಲ್ಲಿ ನಿಂತರೆ ಇಳಿಸಿ ತರೋಕೆ ಟೋಯಿಂಗ್ ಗಾಡಿಗೆ ಕಾಯೋದೇ ಒಂದು ದಿನದ ಕೆಲಸ.

ಒಂದೇ ಗಂಟೆ ಸಿಕ್ಕರೆ 20%ಗೆ ಇಳಿಸಿದ ಗಾಡಿಯನ್ನು ಡಿಸಿ ಫಾಸ್ಟ್ ಚಾರ್ಜರ್‌ಗೆ ಒಯ್ದು 80ವರೆಗೆ ತುಂಬಿಸಿ. ಕ್ಯಾಬಿನ್ ಎಸಿ ಆಫ್ ಇರಲಿ. ಬಿಲ್ಲಿನಲ್ಲಿ ಬಂದ ಯೂನಿಟ್ × 0.96 (4% ನಷ್ಟ ಕಳೆದು) ÷ 0.60 (20ರಿಂದ 80, ಅಂದರೆ 60% ತುಂಬಿಸಿದ್ದಕ್ಕೆ). ಬಿಲ್ 17.4 ಬಂದರೆ 27.8 ಯೂನಿಟ್, ಅಂದರೆ 92%. ಬಿಲ್ 15.4 ಬಂದರೆ 24.6, ಅದು 81–82%. ಚಾರ್ಜಿಂಗ್ ವೇಗವನ್ನೂ ನೋಡ್ತಿರಿ. ಈ ಗಾಡಿ ಹೊಸದರಲ್ಲಿ ಒಂದು ಗಂಟೆಗೆ 80% ಅಂತ ಕಂಪನಿ ಹೇಳಿದ್ದು, ಅಂದರೆ ಸುಮಾರು 24 ಕಿಲೋವ್ಯಾಟ್. ಪ್ಯಾಕ್ ಬಿಸಿಯಾಗಿಲ್ಲ, ಬೆಳಗಿನ ಚಳಿಯೂ ಇಲ್ಲ, ಆದರೂ 40–50%ನಲ್ಲೇ 10–12 ಕಿಲೋವ್ಯಾಟ್‌ಗೆ ಇಳಿದರೆ ಬಿಎಂಎಸ್ ಯಾವುದೋ ಸೆಲ್‌ಗೆ ಹೆದರಿ ತಡೀತಿದೆ. ಚಾರ್ಜರ್‌ನದೇ ತೊಂದರೆ ಇರಬಹುದು, ಇನ್ನೊಂದು ಗನ್‌ನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಯೂನಿಟ್_ಲೆಕ್ಕ

ಗಿರಿತಪ್ಪಲು ಅವರೇ, 20–80 ಡಿಸಿ ಲೆಕ್ಕಕ್ಕೆ ನನ್ನ ತಕರಾರಿದೆ. ಮಧ್ಯದಲ್ಲಿ ವೋಲ್ಟೇಜ್ ಚಪ್ಪಟೆ ಅಂತ ನೀವೇ ಹೇಳಿದ್ದೀರಿ. ಹಾಗಿದ್ದ ಮೇಲೆ ಅಲ್ಲಿ ಬಿಎಂಎಸ್ ತೋರಿಸೋ 20 ನಿಜವಾಗಿ 20 ಅಂತ ಯಾವ ಗ್ಯಾರಂಟಿ? ಅದು ಬರೀ ಕರೆಂಟ್ ಎಣಿಸ್ತಾ ಕೂತಿರುತ್ತೆ, ಎಣಿಕೆಯ ತಪ್ಪು ದಿನಾ ಒಂದಿಷ್ಟು ಸೇರ್ತಾ ಹೋಗುತ್ತೆ. 100% ಮುಟ್ಟಿದಾಗ ಮಾತ್ರ ವೋಲ್ಟೇಜ್ ಸರ್ರಂತ ಏರಿ ಲೆಕ್ಕ ಸರಿಯಾಗೋದು. ಡೀಲರ್ ಯಾರ್ಡಿನಲ್ಲಿ ತಿಂಗಳುಗಟ್ಟಲೆ 30–70ರ ನಡುವೆಯೇ ಇರೋ ಗಾಡಿಯಲ್ಲಿ ಶೇಕಡಾ ಐದೆಂಟು ಆಚೀಚೆ ಆಗಿರೋದು ಮಾಮೂಲು. 60%ನ ಅಳತೆಯಲ್ಲಿ 6ರ ತಪ್ಪು ಅಂದರೆ ಹತ್ತರಲ್ಲಿ ಒಂದು ಭಾಗ ತಪ್ಪು. ಆಗ 92 ಅಂತ ಬಂದದ್ದು 83 ಇರಬಹುದು, 100ಕ್ಕೂ ಹೋಗಬಹುದು.

ಎಲ್‌ಎಫ್‌ಪಿ ಗಾಡಿಗೆ ಅಳತೆಯ ಒಂದು ತುದಿಯಾದರೂ 100 ಆಗಿರಲೇಬೇಕು.

ಗಿರಿತಪ್ಪಲು_18

ಒಪ್ಪಿದೆ. ಗಾಡಿ ನೋಡೋಕೆ ಹೋಗೋ ಹಿಂದಿನ ರಾತ್ರಿ ಡೀಲರ್‌ಗೆ ಸ್ಲೋ ಚಾರ್ಜ್‌ನಲ್ಲಿ 100 ಮಾಡಿಸಿ, ಆಮೇಲೆ 20ಕ್ಕೆ ಇಳಿಸಿಡಿ ಅಂದರೆ ಮಾಡಲಿಕ್ಕಿಲ್ಲ. ಆದ್ದರಿಂದ ಒಂದು ಗಂಟೆಯ ಪರೀಕ್ಷೆಯನ್ನು "ಇದನ್ನು ಬಿಟ್ಟುಬಿಡಬೇಕಾ" ಅಂತ ತಿಳಿಯೋಕೆ ಮಾತ್ರ ಇಟ್ಟುಕೊಳ್ಳಿ. 24 ಯೂನಿಟ್‌ಗಿಂತ ಕೆಳಗೆ ಬಂದರೆ ಮುಂದಿನ ಮಾತಿಲ್ಲ. 27ರ ಮೇಲೆ ಬಂದರೆ ಟೋಕನ್ ಕೊಟ್ಟು, ಪೂರ್ತಿ ದಿನದ ಪರೀಕ್ಷೆಗೆ ಗಾಡಿ ಕೇಳಿ. ಟೋಕನ್ ರಸೀದಿಯಲ್ಲೇ "ಬ್ಯಾಟರಿ ಇಂತಿಷ್ಟು ಯೂನಿಟ್‌ಗಿಂತ ಕಡಿಮೆ ಕಂಡರೆ ಹಣ ವಾಪಸ್" ಅಂತ ಬರೆಸಿ. ಬರೆದುಕೊಡೋಕೆ ಹಿಂದೆಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು.

ಬಿಲ್ಲಿನ ಬಗ್ಗೆ ಇನ್ನೊಂದು. ಕೆಲವು ಚಾರ್ಜರ್‌ಗಳು ಗಾಡಿಗೆ ಕೊಟ್ಟ ಡಿಸಿ ಯೂನಿಟ್ ಲೆಕ್ಕ ಹಾಕುತ್ತವೆ, ಕೆಲವು ತಾವು ಲೈನಿನಿಂದ ಎಳೆದದ್ದನ್ನು. ಎರಡನೆಯದರಲ್ಲಿ ಐದಾರು ಪರ್ಸೆಂಟ್ ಜಾಸ್ತಿ ಕಾಣುತ್ತೆ. ಚಾರ್ಜರ್‌ನ ತೆರೆಯಲ್ಲಿ ವೋಲ್ಟ್, ಆಂಪ್ ಬರ್ತಿರುತ್ತಲ್ಲ, ಐದು ನಿಮಿಷಕ್ಕೊಮ್ಮೆ ಫೋಟೋ ತೆಗೆದು ಗುಣಿಸಿ ನೋಡಿದರೆ ಗೊತ್ತಾಗುತ್ತೆ.

ಸ್ಪ್ಯಾನರ್_13

ಲೆಕ್ಕ ಎಲ್ಲ ಸರಿ ಸಾರ್, ಮೊದ್ಲು ಗಾಡೀನ ರ‍್ಯಾಂಪ್ ಮೇಲೆ ಹತ್ಸಿ. ನಮ್ ಕಡೆ ರೋಡು, ತೋಟದ ದಾರಿ, ಲೆವೆಲ್ ಇಲ್ದಿರೋ ಹಂಪು. ಬ್ಯಾಟರಿ ಪೆಟ್ಟಿಗೆ ಇರೋದೇ ಹೊಟ್ಟೆ ಕೆಳಗೆ. ಬರೀ ಗೀರು ಇದ್ರೆ ಪರವಾಗಿಲ್ಲ. ತಗ್ಗು ಬಿದ್ದಿದ್ರೆ, ಅಂಚಿನ ಸೀಲು ಎದ್ದಿದ್ರೆ, ಬೋಲ್ಟಿನ ತಲೆ ಮೇಲೆ ಸ್ಪ್ಯಾನರ್ ಗುರುತಿದ್ರೆ ಪೆಟ್ಟಿಗೆ ಯಾಕೆ ಇಳಿಸಿದ್ರು ಅಂತ ಜಾಬ್ ಕಾರ್ಡ್ ಕೇಳಿ. ಪ್ಯಾಕು ಐಪಿ67, ಹೊಸದರಲ್ಲಿ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೀಬೇಕು. ಒಂದ್ಸಲ ಬಿಚ್ಚಿ ಸೀಲ್ ಸರಿಯಾಗಿ ಕೂರಿಸ್ದೆ ಹೋದ್ರೆ ಆ ಮಾತು ಮುಗೀತು.

ಈ ಗಾಡಿ ಬ್ಯಾಟರಿಗೆ ಕೂಲೆಂಟ್ ಓಡುತ್ತೆ. ಬಾನೆಟ್ ತೆಗೆದು ಬಾಟಲಿ ಲೆವೆಲ್ ನೋಡಿ. ಕಡಿಮೆ ಇದ್ರೆ ಎಲ್ಲಿ ಹೋಯ್ತು ಅಂತ ಕೇಳ್ಬೇಕು. ಅರ್ಜೆಂಟಿಗೆ ನಲ್ಲಿ ನೀರು ಹಾಕಿರೋದೂ ಉಂಟು, ಬಣ್ಣ ತೆಳುವಾಗಿ, ತಳದಲ್ಲಿ ಕೆಸರು ಕಂಡ್ರೆ ಗೊತ್ತಾಗುತ್ತೆ. ಕೂಲಿಂಗ್ ಸರಿ ಇಲ್ದೇ ಬೇಸಿಗೇಲಿ ಫಾಸ್ಟ್ ಚಾರ್ಜ್ ಹೊಡ್ದಿರೋ ಪ್ಯಾಕು ಬೇಗ ಬಡವಾಗುತ್ತೆ.

ಕಿತ್ತಳೆ ಬಣ್ಣದ ಕೇಬಲ್‌ಗಳ್ನ ಟಾರ್ಚ್ ಹಾಕಿ ನೋಡಿ, ಕೈ ಹಾಕ್ಬೇಡಿ, 300 ವೋಲ್ಟಿಗೂ ಮೇಲೆ ಇರುತ್ತೆ. ಎಸ್ಟೇಟ್ ಶೆಡ್ಡಲ್ಲಿ ನಿಂತಿದ್ ಗಾಡಿ ಅಂತೀರಲ್ಲ, ಅದರಲ್ಲಿ ಇಲಿ, ಅಳಿಲು ಕಡ್ದಿರೋದು ಖಂಡಿತ ನೋಡ್ಲೇಬೇಕು. ಬಾನೆಟ್ ಒಳಗೆ ಹುಲ್ಲು, ಕಾಯಿ ಸಿಪ್ಪೆ, ಹಿಕ್ಕೆ ಇದ್ರೆ ಸಣ್ಣ ವೈರಿಂಗೂ ಪೂರ್ತಿ ಚೆಕ್ ಮಾಡ್ಸಿ.

ಮಳೆ ಜಾಗದ ಗಾಡಿಗೆ ಇನ್ಸುಲೇಷನ್ ರೀಡಿಂಗ್ ಕೇಳಿ, ಅಂದ್ರೆ ದೊಡ್ ಬ್ಯಾಟರಿ ಕರೆಂಟು ಗಾಡಿ ಬಾಡಿಗೆ ಸೋರ್ದಂಗೆ ಎಷ್ಟು ತಡೆ ಇದೆ ಅನ್ನೋ ಅಳತೆ, ಸರ್ವಿಸ್ ಸೆಂಟರ್ ಸ್ಕ್ಯಾನ್‌ನಲ್ಲಿ ಬರುತ್ತೆ. ಡಿಸಿ ಕಡೆಗೆ ವೋಲ್ಟಿಗೆ ಕನಿಷ್ಠ 100 ಓಮ್ ಇರ್ಬೇಕು ಅನ್ನೋದು ನಿಯಮ, 320 ವೋಲ್ಟಿನ ಪ್ಯಾಕಿಗೆ 32 ಕಿಲೋ ಓಮ್. ಅದು ಪಾಸಾಗೋ ಗೆರೆ ಅಷ್ಟೆ. ಚೆನ್ನಾಗಿರೋ ಗಾಡೀಲಿ ಮೆಗಾ ಓಮ್ ಲೆಕ್ಕದಲ್ಲಿರುತ್ತೆ. ಒಣಗಿದ್ ದಿನ ಚೆನ್ನಾಗಿದ್ದು, ಮಳೆ ಬಂದ್ ದಿನ ಅಥವಾ ವಾಟರ್ ವಾಶ್ ಆದ್ಮೇಲೆ ಬಿದ್ರೆ ಕನೆಕ್ಟರಲ್ಲೋ ಪ್ಯಾಕಲ್ಲೋ ತೇವ ಸೇರಿದೆ. ಅದಕ್ಕೇ ವಾಶ್ ಮಾಡ್ಸಿದ್ ಮೇಲೆ ಸ್ಕ್ಯಾನ್ ಮಾಡ್ಸಿ.

ಚಾರ್ಜಿಂಗ್ ಪೋರ್ಟಿನ ಪಿನ್ ನೋಡಿ. ಕಪ್ಪಾಗಿದ್ರೆ, ಪ್ಲಾಸ್ಟಿಕ್ ಸುತ್ತ ಕಂದಾಗಿದ್ರೆ ಲೂಸ್ ಗನ್‌ನಲ್ಲಿ ಬಿಸಿಯಾಗಿದೆ. ಅದು ಬ್ಯಾಟರಿ ದೋಷ ಅಲ್ಲ, ಆದ್ರೆ ಪೋರ್ಟ್ ಬದಲಾಯ್ಸೋ ಖರ್ಚು ನಿಮ್ ತಲೆಗೆ ಬರುತ್ತೆ.

ಇನ್ನು 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತಿದ್ರೆ ಗಾಡಿ ಎದ್ದೇಳೋದೇ ಇಲ್ಲ, ತೆರೆ ತುಂಬಾ ಏನೇನೋ ಎಚ್ಚರಿಕೆ ಬರುತ್ತೆ. ದೊಡ್ ಬ್ಯಾಟರಿ ಹೋಗಿದೆ ಅಂತ ಹೆದರ್ಕೋಬೇಡಿ. ರಾತ್ರಿ ನಿಲ್ಸಿ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದ್ರೆ 12.4ರ ಮೇಲಿರ್ಬೇಕು. ಕಡಿಮೆ ಇದ್ರೆ ಹೊಸದು ಹಾಕ್ಸಿ, ಎಚ್ಚರಿಕೆ ಅಳಿಸಿ, ಆಮೇಲೆ ಮಿಕ್ಕ ಪರೀಕ್ಷೆ ಮಾಡಿ.

ಹಾಸನ_ಹೈದ

ಎಲ್ಲರಿಗೂ ಥ್ಯಾಂಕ್ಸ್. ಚಿಕ್ಕಮಗಳೂರಿನ ಗಾಡಿ ಕಡಿಮೆ ಓಡಿದೆ, ಊರೂ ತಂಪು, ಅದೇ ಒಳ್ಳೇದು ಅಂದುಕೊಂಡಿದ್ದೆ. ಸ್ಪ್ಯಾನರ್ ಅವರ ಮಾತು ಕೇಳಿ ಅನುಮಾನ ಬಂತು. ಮತ್ತೆ ಮಂಗಳೂರು ಓಡಾಟಕ್ಕೆ ಕನಿಷ್ಠ ಎಷ್ಟು ಪರ್ಸೆಂಟ್ ಹೆಲ್ತ್ ಇದ್ದರೆ ಸಾಕು?

ಗಿರಿತಪ್ಪಲು_18

ಕಿಲೋಮೀಟರ್ ನೋಡಿ ಬ್ಯಾಟರಿ ಅಳೆಯೋದು ಪೆಟ್ರೋಲ್ ಗಾಡಿ ಕಾಲದ ಅಭ್ಯಾಸ. 62,000 ಕಿ.ಮೀ.ಗೆ ಕಿ.ಮೀ.ಗೆ 0.14ರಂತೆ ಸುಮಾರು 8,700 ಯೂನಿಟ್ ಹರಿದಿದೆ, ಪ್ಯಾಕಿನ ಲೆಕ್ಕದಲ್ಲಿ ಸುಮಾರು 300 ಪೂರ್ತಿ ಸೈಕಲ್ (ಒಂದು ಸಲ ಪೂರ್ತಿ ತುಂಬಿಸಿ ಖಾಲಿ ಮಾಡಿದರೆ ಒಂದು ಸೈಕಲ್). ಎಲ್‌ಎಫ್‌ಪಿ ಸೆಲ್‌ಗಳು ಪ್ರಯೋಗಾಲಯದಲ್ಲಿ ಎರಡು ಸಾವಿರಕ್ಕೂ ಮೇಲೆ ತಾಳುತ್ತವೆ. ಅಂದರೆ ಓಡಿದ್ದರಿಂದ ಬೆಂಗಳೂರಿನ ಗಾಡಿಗೆ ಅಂಥ ನಷ್ಟ ಏನೂ ಆಗಿರಲ್ಲ.

ನಿಂತ ಗಾಡಿ ಯಾವ ಸ್ಥಿತಿಯಲ್ಲಿ ನಿಂತಿತ್ತು ಅನ್ನೋದು ಮುಖ್ಯ. ಪೂರ್ತಿ 100% ತುಂಬಿಸಿ ತಿಂಗಳುಗಟ್ಟಲೆ ಬಿಟ್ಟಿದ್ದರೆ ಓಡಿಸದಿದ್ದರೂ ಸಾಮರ್ಥ್ಯ ಕರಗುತ್ತೆ, ಬಿಸಿ ಜಾಗದಲ್ಲಿ ಇನ್ನೂ ಬೇಗ. ಇಲ್ಲಿ ಚಿಕ್ಕಮಗಳೂರಿನ ತಂಪು ನಿಮ್ಮ ಪರ. ಇದಕ್ಕಿಂತ ಕೆಟ್ಟದ್ದು 5–10%ನಲ್ಲಿ ನಿಲ್ಲಿಸಿ ಮರೆತುಬಿಟ್ಟಿರೋದು. ಗಾಡಿ ನಿಂತಲ್ಲೇ ಒಂದಿಷ್ಟು ಕರೆಂಟು ಕುಡೀತಿರುತ್ತೆ, ಕೆಲವು ಸೆಲ್‌ಗಳು 2.5 ವೋಲ್ಟಿಗಿಂತ ಬಹಳ ಕೆಳಗೆ ಹೋದರೆ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರು. ಮತ್ತೆ ಚಾರ್ಜ್ ಮಾಡಿದರೂ ಅವು ಮೊದಲಿನ ಹಾಗೆ ಆಗಲ್ಲ. ಓನರ್‌ಗೆ "ಗಾಡಿ ಯಾವಾಗಲಾದರೂ ಪೂರ್ತಿ ಸತ್ತು ಟೋ ಮಾಡಿಸಿದ್ದಿರಾ?" ಅಂತ ನೇರ ಕೇಳಿ. ಸರ್ವಿಸ್ ಹಿಸ್ಟರಿಯಲ್ಲೂ ಸಿಗುತ್ತೆ. ನಾನಾದರೆ ಎರಡಕ್ಕೂ ಒಂದೇ ಪರೀಕ್ಷೆ ಮಾಡಿಸ್ತೀನಿ. ಫಲಿತಾಂಶ ಸಮ ಬಂದರೆ ಬೆಂಗಳೂರಿನದನ್ನೇ ಕಡಿಮೆ ಬೆಲೆಗೆ ತಗೊಳ್ತೀನಿ. ವಾರಂಟಿ ಒಂದು ವರ್ಷ ಕಡಿಮೆ ಸಿಗುತ್ತೆ ಅನ್ನೋದೊಂದೇ ಅದರ ಕೊರತೆ.

ಚಿಕ್ಕಮಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ ಟೆಸ್ಟ್ ಇಟ್ಟುಕೊಳ್ಳಬೇಡಿ. ಚಳಿಗೆ ಎಲ್‌ಎಫ್‌ಪಿ ಮಂಕಾಗುತ್ತೆ, ಚಾರ್ಜೂ ನಿಧಾನ, ಬ್ರೇಕ್ ಹಿಡಿದಾಗ ವಾಪಸ್ ಬರೋ ರೀಜೆನ್ ಸಹ ಕಮ್ಮಿ. ಹತ್ತೂವರೆ ಮೇಲೆ ಹೊರಡಿ. ಹಾಗೇ 100% ತುಂಬಿದ ಗಾಡಿ ಇಳಿಜಾರಿನಲ್ಲಿ ರೀಜೆನ್ ಕೊಡಲ್ಲ, ತುಂಬಿಸೋಕೆ ಜಾಗ ಇಲ್ಲ ಅಷ್ಟೆ, ಅದನ್ನು ದೋಷ ಅಂದುಕೊಳ್ಳಬೇಡಿ. ಬಿಸಿಲು ಹೊತ್ತಲ್ಲಿ 60%ನಲ್ಲೂ ರೀಜೆನ್ ಬರದಿದ್ದರೆ ಮಾತ್ರ ಯೋಚನೆ ಮಾಡಬೇಕು.

ಯೂನಿಟ್_ಲೆಕ್ಕ

ಮಂಗಳೂರಿನ ಲೆಕ್ಕ ಹೀಗೆ. ಹಾಸನದಿಂದ ಸುಮಾರು 170 ಕಿ.ಮೀ., ಎತ್ತರದ ವ್ಯತ್ಯಾಸ 900 ಮೀಟರ್ ಚಿಲ್ಲರೆ. ರಸ್ತೆಗೆ 170 × 0.14 = 23.8 ಯೂನಿಟ್. ಇಳಿಯುವಾಗ ರೀಜೆನ್‌ನಿಂದ ಎರಡೂವರೆ ಯೂನಿಟ್ ವಾಪಸ್ ಬರುತ್ತೆ ಅಂದರೆ 21.3 ಸಾಕು. ಬರುವಾಗ ಏರಿಗೆ ನಾಲ್ಕೂವರೆ ಹೆಚ್ಚು, ಒಟ್ಟು 28.3.

85% ಹೆಲ್ತ್ ಇದ್ದರೆ ನಿಮ್ಮ ಹತ್ತಿರ 25.7 ಯೂನಿಟ್ ಇರುತ್ತೆ. ಹೋಗುವಾಗ ಮಂಗಳೂರಿಗೆ 17% ಉಳಿಸಿಕೊಂಡು ಸೇರ್ತೀರಿ. ಬರುವಾಗ ಆಗಲ್ಲ. ಆದರೆ ಹೊಸ ಗಾಡಿಯಲ್ಲೂ 30.2ರಲ್ಲಿ 28.3 ಕಳೆದರೆ 6% ಉಳಿಯುತ್ತೆ, ಮಳೆ, ಎಸಿ, ಟ್ರಾಫಿಕ್ ಬಂದರೆ ಅದೂ ಇಲ್ಲ. ಹೇಗಿದ್ದರೂ ವಾಪಸ್ ಬರುವಾಗ ಘಟ್ಟ ಹತ್ತೋ ಮೊದಲು ಉಪ್ಪಿನಂಗಡಿ, ನೆಲ್ಯಾಡಿ ಆಸುಪಾಸಿನಲ್ಲಿ ಚಾರ್ಜ್ ಹಾಕಲೇಬೇಕು. ಆದ್ದರಿಂದ ನಿಮಗೆ 93ಕ್ಕೂ 86ಕ್ಕೂ ಇರೋ ವ್ಯತ್ಯಾಸ ಒಂದು ಕಾಫಿ ಹೊತ್ತಿನ ಚಾರ್ಜ್. ದುರ್ಬಲ ಸೆಲ್ ಇದ್ದರೆ ಮಾತ್ರ ಗುಂಡ್ಯ–ಮಾರನಹಳ್ಳಿ ನಡುವೆ ಲಾರಿ ಸಾಲಿನಲ್ಲಿ ನಿಲ್ತೀರಿ. ಎರಡರಲ್ಲಿ ಒಂದೇ ಪರೀಕ್ಷೆಗೆ ಸಮಯ ಇದೆ ಅಂದರೆ ಗಿರಿತಪ್ಪಲು ಹೇಳಿದ 12–15%ನ ಲೋಡ್ ಟೆಸ್ಟ್ ಮಾಡಿ, ನನ್ನ ಲೆಕ್ಕ ಬಿಡಿ.

ಬೇಲೂರು ಓಡಾಟಕ್ಕೆ 80 ಕಿ.ಮೀ., 11–12 ಯೂನಿಟ್. 70% ಹೆಲ್ತ್‌ನಲ್ಲೂ ನಡೆಯುತ್ತೆ.

ಆರ್‌ಸಿ_ನೋಡಿ

ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಈ ಹಳೇ ನೆಕ್ಸಾನ್ ಇವಿ ಬ್ಯಾಟರಿಗೆ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. 2021ರದ್ದಕ್ಕೆ 2029ರವರೆಗೆ. ಎಣಿಕೆ ಮೊದಲ ಓನರ್ ಕೊಂಡ ದಿನದಿಂದ. ಎರಡನೇ ಓನರ್ ಹೆಸರಿಗೆ ವಾರಂಟಿ ಮುಂದುವರಿಯುತ್ತೆ ಅಂತ ಚಾಸಿ ನಂಬರ್ ಕೊಟ್ಟು ಕಂಪನಿಯಿಂದ ಇಮೇಲ್‌ನಲ್ಲಿ ತರಿಸಿಕೊಳ್ಳಿ, ಡೀಲರ್ ಬಾಯಿಮಾತು ಸಾಲದು. ಎಷ್ಟು ಪರ್ಸೆಂಟಿಗಿಂತ ಕೆಳಗಿಳಿದರೆ ಪ್ಯಾಕ್ ಬದಲಿಸ್ತಾರೆ ಅನ್ನೋದೂ ಅದೇ ಇಮೇಲ್‌ನಲ್ಲಿರಲಿ. ಸರ್ವಿಸ್ ತಪ್ಪಿಸಿದ್ದರೆ ವಾರಂಟಿಗೆ ತಕರಾರು ಬರಬಹುದು, ಪ್ರತಿ ಸರ್ವಿಸ್‌ನ ದಿನಾಂಕ ನೋಡಿ.

ಪ್ಯಾಕ್ ಒಮ್ಮೆ ಬದಲಾಗಿದ್ದರೆ ಜಾಬ್ ಕಾರ್ಡಿನ ಸೀರಿಯಲ್ ನಂಬರೂ ಗಾಡಿಯಲ್ಲಿರೋದೂ ತಾಳೆಯಾಗಬೇಕು. ಬದಲಾಗಿದೆ ಅಂದ ಕೂಡಲೇ ಓಡಬೇಡಿ, ಎಷ್ಟೋ ಸಲ ಅದೇ ಲಾಭ.

ಹಸಿರು ಪ್ಲೇಟ್ ಮೇಲೆ ಬಿಳಿ ಅಕ್ಷರ ಖಾಸಗಿ, ಹಳದಿ ಅಕ್ಷರ ಬಾಡಿಗೆ ಗಾಡಿ. ಬಾಡಿಗೆಯದನ್ನು ಖಾಸಗಿಗೆ ಬದಲಿಸಿ ಮಾರೋದಿದೆ, ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವರ್ಗ, ಸಾಲದ ನಮೂದು ನೋಡಿ. ಇನ್ಶೂರೆನ್ಸ್ ಕಂಪನಿಯಿಂದ ಹಿಂದಿನ ಕ್ಲೇಮ್ ವಿವರ ತರಿಸಿ, ನೀರಿಗೆ ಸಿಕ್ಕ ಗಾಡಿ ಅಲ್ಲಿ ಗೊತ್ತಾಗುತ್ತೆ. ಟ್ಯಾಕ್ಸಿಗೆ ಓಡಿದ ಹಳೇ ಟಿಗೋರ್ ಇವಿಗಳು ಅಗ್ಗಕ್ಕೆ ಬರ್ತಿವೆ ಅಂತ ಅತ್ತ ಹೋಗೋರು ಪೋರ್ಟ್ ನೋಡಿ, ಜಿಬಿ/ಟಿ ಅನ್ನೋ ಹಳೇ ನಮೂನೆಯ ಪೋರ್ಟ್ ಇದ್ದರೆ ಈಗಿನ ಫಾಸ್ಟ್ ಚಾರ್ಜರ್‌ಗಳ ಸಿಸಿಎಸ್2 ನಮೂನೆಯ ಗನ್ ಅದಕ್ಕೆ ಕೂರಲ್ಲ.

ಹಾಸನ_ಹೈದ

ಪೂರ್ತಿ ದಿನದ ಪರೀಕ್ಷೆಗೆ ಚಿಕ್ಕಮಗಳೂರಿನವರು ಒಪ್ಪಿದ್ದಾರೆ. ವಾಪಸ್ ಬಂದು ತುಂಬಿಸೋದು ಅವರ ತೋಟದ ಮನೆಯಲ್ಲೇ. ಅಲ್ಲಿ ಸಂಜೆ ವೋಲ್ಟೇಜ್ ಬೀಳುತ್ತಂತೆ, ಲೆಕ್ಕ ತಪ್ಪುತ್ತಾ?

ಯೂನಿಟ್_ಲೆಕ್ಕ

ಯೂನಿಟ್ ತಪ್ಪಲ್ಲ, ಸಮಯ ಹೆಚ್ಚು ಹಿಡಿಯುತ್ತೆ. 230 ವೋಲ್ಟಿನಲ್ಲಿ 13 ಆಂಪ್ ಅಂದರೆ 3 ಕಿಲೋವ್ಯಾಟ್, 190ಕ್ಕೆ ಬಿದ್ದರೆ ಎರಡೂವರೆ. ಒಂಬತ್ತು ಗಂಟೆಯದು ಹನ್ನೊಂದಾಗುತ್ತೆ. ಗಾಡಿಯೊಳಗಿನ ಪಂಪು, ಕಂಟ್ರೋಲರ್ ಅಷ್ಟು ಹೊತ್ತೂ ಓಡೋದರಿಂದ ನಷ್ಟ ಒಂದೆರಡು ಪರ್ಸೆಂಟ್ ಜಾಸ್ತಿ, 0.87 ಬದಲು 0.85 ಹಿಡಿಯಿರಿ. ರಾತ್ರಿ ಹತ್ತರ ಮೇಲೆ ಲೈನ್ ಸುಧಾರಿಸಿದಾಗ ಶುರು ಮಾಡೋದು ಒಳ್ಳೇದು. ನಡುವೆ ಮೆಸ್ಕಾಂ ಕರೆಂಟ್ ಹೋಗಿ ಬಂದರೂ ಸಬ್ ಮೀಟರ್ ತನ್ನ ರೀಡಿಂಗ್ ಮರೆಯಲ್ಲ.

ಅರ್ಥಿಂಗ್ ನೋಡಿಕೊಳ್ಳಿ. ತೋಟದ ಮನೆಗಳಲ್ಲಿ ಅರ್ಥ್ ಪಿನ್ ಇದ್ದೂ ವೈರ್ ಇರಲ್ಲ, ಆಗ ಪೋರ್ಟಬಲ್ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತೆ. ಗೀಸರ್ ಹಾಕಿ ಲೋಡ್ ಇರುವಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಮಲ್ಟಿಮೀಟರ್ ಹಿಡಿಯಿರಿ, ಎರಡು ಮೂರು ವೋಲ್ಟಿನ ಒಳಗಿದ್ದರೆ ಸರಿ. ನಿಮ್ಮ ಮನೆಯಲ್ಲೂ ಗಾಡಿ ಬರೋ ಮೊದಲೇ ಮೇನ್ ಬೋರ್ಡಿನಿಂದ ಬೇರೆ ಲೈನ್ ಎಳೆಸಿ, 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯೋ ಸ್ವಿಚ್). ಆ ಸಬ್ ಮೀಟರನ್ನು ಅಲ್ಲೇ ಖಾಯಂ ಬಿಡಿ.